ಬುಧವಾರದ ಒಪ್ಪತ್ತು

ದಾಂಡೇಲಿ
ಗುರುವಾರ, 29 ಆಗಸ್ಟ್ 1974

ತೇರಗಾಂವದ ಹೊಳೆವ್ವ ಅಕ್ಕಾವರಿಗೆ, ನಿಮ್ಮ ತಮ್ಮನ ಹೆಂಡತಿ ಶಂಕ್ರೆವ್ವ ಮಾಡುವ ಶರಣು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದು ಮುಂದೆ ಹೋಗಬೇಕೆಂದಿದ್ದೆ. ಕೈ ಬರಲಿಲ್ಲ. ಗಾಬರಿಯಾಗಬೇಡಿ, ಅತ್ತಿಯವರು ಎದ್ದು ಕೂತಿದ್ದಾರೆ, ಮಾತಾಡುತ್ತಾರೆ. ಆದರೆ ಈ ರವಿವಾರ ನೀವು ಒಂದು ದಿನದ ಮಟ್ಟಿಗಾದರೂ ಬಂದು ಹೋಗಬೇಕು. ನಿಮ್ಮ ತಾಯಿ ಊಟ ಬಿಡುತ್ತಿದ್ದಾರೆ.

ಕಟ್ಟಿಗೆ ಮಿಲ್ಲಿನಲ್ಲಿ ನಿಮ್ಮ ತಮ್ಮನಿಗೆ ಮೇ ತಿಂಗಳಿಂದ ವಾರಕ್ಕೆ ನಾಲ್ಕೇ ದಿನ ಕೆಲಸ ಇರುವುದು ನಿಮಗೆ ಗೊತ್ತಿದೆ. ಇತ್ತ ಪೇಟೆಯಲ್ಲಿ ಏನು ಮುಟ್ಟಿದರೂ ಕೈ ಸುಡುತ್ತದೆ. ನಾನೂ ಕೈಕಟ್ಟಿ ಕೂರುವವಳಲ್ಲ. ಚಹಾಕ್ಕೆ ಸಕ್ಕರೆ ಬಿಟ್ಟು ಬೆಲ್ಲ ಹಾಕಿದೆ, ಆಮೇಲೆ ಸಂಜೆಯ ಚಹಾವನ್ನೇ ಬಿಟ್ಟೆ. ಹಾಲಿನವಳಿಗೆ ಪಾವು ಸೇರು ಸಾಕೆಂದೆ. ಚಿಮಣಿ ಎಣ್ಣೆಯ ಸ್ಟೋವನ್ನು ಅಟ್ಟಕ್ಕೆ ಹಾಕಿ, ಹಳೆಯ ಡಬ್ಬಿಯ ನಡುವೆ ಬಾಟಲಿ ನಿಲ್ಲಿಸಿ, ಸುತ್ತಲೂ ಮಿಲ್ಲಿನ ಕಟ್ಟಿಗೆ ಹೊಟ್ಟು ಗಟ್ಟಿಯಾಗಿ ಗಿಡಿದು, ಬಾಟಲಿ ತೆಗೆದು ಕೆಳಗಿನಿಂದ ಉರಿ ಹಚ್ಚುವ ಒಲೆ ಮಾಡಿಕೊಂಡೆ. ರೇಶನ್ ಅಂಗಡಿಯ ಕೆಂಪು ಜೋಳದ ಹಿಟ್ಟು ಬಡಿದರೆ ರೊಟ್ಟಿ ಹರಿಯುತ್ತದೆ. ಮಕ್ಕಳು ಮೂಗು ಮುರಿದರು. ನಾನು ಕಣ್ಣು ಬಿಟ್ಟೆ, ತಿಂದರು.

ಅತ್ತಿಯವರ ಒಪ್ಪತ್ತು ಶುರುವಾದದ್ದು ಶ್ರಾವಣ ಸೋಮವಾರ. ಅದು ಪ್ರತಿ ವರ್ಷದ್ದೇ, ಸಂಜೆ ಒಂದೇ ಹೊತ್ತು ಊಟ. ಮುಂದಿನ ವಾರ ಮೊಮ್ಮಕ್ಕಳ ಹೆಸರಿನಲ್ಲಿ ಗುರುವಾರ ಹಿಡಿದರು. ಆಮೇಲೆ ಶನಿವಾರ ಸೇರಿತು. ಶ್ರಾವಣ ಮುಗಿದ ಮೇಲೆ ಬಿಡುತ್ತಾರೆ ಎಂದುಕೊಂಡರೆ ಅಧಿಕ ಮಾಸ ಬಂತು, ಅಧಿಕದಾಗ ಹಿಡಿದ ವ್ರತಕ್ಕ ಎರಡು ಪಟ್ಟು ಫಲ ಐತಿ ಅಂತ ಬುಧವಾರವನ್ನೂ ಹಿಡಿದರು. ಹಿರಿಯರ ಭಕ್ತಿಗೆ ಅಡ್ಡ ಬರಬಾರದೆಂದು ನಾನು ಸುಮ್ಮನಿದ್ದೆ. ಇಲ್ಲ, ಇದು ಪೂರ್ತಿ ನಿಜವಲ್ಲ. ಈ ತಿಂಗಳು ಹಿಟ್ಟಿನ ಡಬ್ಬಿಯ ತಳ ಕಾಣಲಿಲ್ಲ. ನನ್ನ ಜಾಣತನಕ್ಕೆ ನಾನೇ ಬೀಗಿದೆ, ನಿಮ್ಮ ತಮ್ಮನಿಗೆ ಮುಚ್ಚಳ ತೆಗೆದು ತೋರಿಸಿದೆ. ಯಾರ ಪಾಲು ಉಳಿಯಿತು ಎಂದು ಇಬ್ಬರೂ ಯೋಚಿಸಲಿಲ್ಲ.

ನಿನ್ನೆ ಬೆಳಿಗ್ಗೆ ನಳದ ಹತ್ತಿರ ಕೊಡ ಎತ್ತಲು ಬಗ್ಗಿದವರು ಹಾಗೇ ಕುಸಿದರು. ಪಕ್ಕದ ಮನೆಯ ಮರಿಯಾ ಎತ್ತಿಕೊಂಡು ಬಂದು ಮಲಗಿಸಿದಳು. ಬೆಲ್ಲದ ನೀರು ಕುಡಿಸಲು ಹೋದರೆ ಒಪ್ಪತ್ತು ಮುರೀತೈತಿ ಅಂತ ಬಾಯಿ ಬಿಗಿ ಹಿಡಿದರು. ಹಿಡಿದೆತ್ತಿದಾಗ ಒಂದು ಹೊರೆ ಪುಳ್ಳೆಯಷ್ಟೂ ಭಾರ ಇರಲಿಲ್ಲ ಎಂದಳು ಮರಿಯಾ. ಆಮೇಲೆ ನನ್ನನ್ನು ಹೊರಗೆ ಕರೆದು, ಬುಧವಾರ ನಿಮ್ಮಲ್ಲಿ ಯಾವ ದೇವರ ಒಪ್ಪತ್ತು ಅಂತ ಕೇಳಿದಳು. ಆಕೆ ಚರ್ಚಿಗೆ ಹೋಗುವವಳು, ತಿಳಿಯದೇ ಕೇಳಿದಳು. ನಾನು ಒಳಗೆ ಹೋಗಿ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು ನೋಡಿದೆ.

ಅಕ್ಕಾವರೇ, ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆಷಾಢದ ಕೊನೆಗೆ ಒಂದು ಬೆಳಿಗ್ಗೆ ಖಾಲಿ ಡಬ್ಬಿ ಕೆರೆಯುತ್ತ ನಿಮ್ಮ ತಮ್ಮನ ಮೇಲೆ ರೇಗಿದ್ದೆ. ಕೂತು ತಿನ್ನೂ ಬಾಯಿ ಒಂದು ಕಡಿಮಿ ಇದ್ದಿದ್ರ ಈ ಹಿಟ್ಟು ತಿಂಗಳತನಕ ಬರತಿತ್ತು ಅಂದೆ. ಅತ್ತಿಯವರು ಬಾಗಿಲಲ್ಲಿ ಕೂತು ರಾಜಗಿರಿ ಪಲ್ಯ ಸೋಸುತ್ತಿದ್ದರು. ಕೈ ನಿಲ್ಲಲಿಲ್ಲ, ತಲೆ ಎತ್ತಲಿಲ್ಲ. ಕೇಳಿಸಿರಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಈಗ ನಾಚಿಕೆಯಾಗುತ್ತಿದೆ, ಅದಕ್ಕಿಂತ ಹೆಚ್ಚು ಹೆದರಿಕೆಯಾಗುತ್ತಿದೆ. ರಾತ್ರಿ ಎರಡು ಸಲ ಎದ್ದು ಅವರು ಉಸಿರಾಡುತ್ತಾರೋ ಇಲ್ಲವೋ ನೋಡಿ ಬಂದೆ.

ಸ್ವಲ್ಪ ದಿನ ಅವರನ್ನು ತೇರಗಾಂವಕ್ಕೆ ಕರೆದುಕೊಂಡು ಹೋಗಿ ಎಂದು ಬರೆಯಲು ಪೆನ್ನು ಹಿಡಿದೆ. ಒಂದು ಬಾಯಿ ಕಡಿಮೆ ಮಾಡಲು ಕಳಿಸಿದಳು ಎಂದು ತಿಳಿದುಕೊಂಡರೆ? ಬೇಡ, ಕರೆದೊಯ್ಯಬೇಡಿ. ನೀವೇ ಬಂದು ಎದುರಿಗೆ ಕೂತು ಉಣಿಸಿ. ನಾನು ಬಡಿಸಿದರೆ ತಾಟು ಸರಿಸುತ್ತಾರೆ, ಮಗಳ ಮಾತಿಗಾದರೂ ವ್ರತ ಬಿಟ್ಟಾರು. ಬರುವಾಗ ಕಾಳುಕಡಿ ಏನೂ ತರಬೇಡಿ. ತಂದರೆ ಅದನ್ನೂ ಉಳಿಸಲು ಇನ್ನೊಂದು ವಾರದ ಒಪ್ಪತ್ತು ಹಿಡಿಯುತ್ತಾರೆ.

ನಿಮ್ಮ ದಾರಿ ನೋಡುತ್ತಿರುವ
ಶಂಕ್ರೆವ್ವ

ತಾ.ಕ.: ಪತ್ರ ಮಡಚುವಾಗ ಅತ್ತಿಯವರು, ಏನು ಬರದಿ ಓದು ಅಂದರು. ಅವರಿಗೆ ಅಕ್ಷರ ಬರುವುದಿಲ್ಲ ಎಂಬ ಧೈರ್ಯದ ಮೇಲೆ ಆಷಾಢದ ಸಂಗತಿಯನ್ನೂ ಅದಕ್ಕೆ ಸೇರಿದ್ದನ್ನೂ ಬಿಟ್ಟು ಓದಿದೆ. ಪೂರ್ತಿ ಕೇಳಿ, ಬರಿಯುವಾಗ ಎಲ್ಲಿ ಅಳಾಕತ್ತಿದ್ದಿ ಆ ಜಾಗಾ ಓದಲೇ ಇಲ್ಲಲ್ಲ ಅಂದರು. ಮಡಚಿದ ಪತ್ರವನ್ನು ಮತ್ತೆ ಬಿಚ್ಚಿದೆ. ಅದರ ಮ್ಯಾಲ ಗೀಟು ಹೊಡಿ, ನನ್ನ ಮಗಳ ಮುಂದ ನೀ ಸಣ್ಣಾಕಿ ಆಗೂದು ಬ್ಯಾಡ ಅಂದರು. ಹೊಡೀತೇನಿ, ಆದ್ರ ನೀವು ಈಗ ಉಣ್ಣಬೇಕು ಅಂದೆ. ಗುರುವಾರ, ನಡು ಮಧ್ಯಾಹ್ನ, ಉಂಡರು. ಒಂದೂವರೆ ರೊಟ್ಟಿ ತಿಂದು, ಉಳಿದ ಅರ್ಧ ನನ್ನ ತಾಟಿಗೆ ಹಾಕಿದರು. ನಾನು ಮಾತಿಗೆ ತಪ್ಪಿದ್ದೇನೆ, ಗೀಟು ಹೊಡೆದಿಲ್ಲ. ನೀವು ಬಂದಾಗ ಅವರ ಮುಂದೆ ಏನೂ ಓದದವರಂತೆ ಇರಿ.