ನಮ್ಮ ಮೇಜಿಗೆ ಒರಗಿಸಿದ ಬೋರ್ಡು

ಅಕ್ಟೋಬರ್ 12, ಶನಿವಾರ

ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ಈ ವಯಸ್ಸಿನಲ್ಲಿ ಬರೆಯುವ ಶಿಕ್ಷೆ. ನಮ್ಮ ದತ್ತು ಸಂಘದ ಅಧ್ಯಕ್ಷ ಡ್ವೇನ್‌ಗೆ ಬಾಯಿಮಾತು ಸಾಲದಂತೆ, ಅವನ ಮೇಲಿನ ದೂರನ್ನೂ ಅವನಿಗೇ ಬರೆದು ಕೊಡಬೇಕಂತೆ. ಮೊದಲು ಇಲ್ಲಿ ಗೀಚಿಕೊಳ್ಳುತ್ತೇನೆ.

ಇವತ್ತು ಚರ್ಚಿನ ಕುಂಬಳಕಾಯಿ ಸಂತೆಯಲ್ಲಿ ಸಂಘದ ಮೇಜು ಹಾಕಿ, ದತ್ತು ಹೋಗುವ ತನಕ ನನ್ನ ಮನೆಯಲ್ಲಿರುವ ಅಕ್ಕತಂಗಿಯರ ಫೋಟೊ ಇಟ್ಟಿದ್ದೆ. ಟೆಸ್ಸಾಗೆ ಒಂಬತ್ತು, ಜುನಿಗೆ ಆರು. ಒಂದು ಜೋಡಿ ಅರ್ಧ ಗಂಟೆ ನಿಂತು ವಿಚಾರಿಸಿತು. ಹೆಂಡತಿ ಅರ್ಜಿ ತುಂಬಲು ಪೆನ್ನು ತೆಗೆದಳು. ಅಷ್ಟರಲ್ಲಿ ಡ್ವೇನ್ ‘ಗರ್ಭಪಾತ ಕೊಲೆ’ ಎಂಬ ಬೋರ್ಡು ತಂದು ಮೇಜಿಗೆ ಒರಗಿಸಿದ. ಆಕೆ ಪೆನ್ನು ಮುಚ್ಚಿ, ಗಂಡನ ತೋಳು ಹಿಡಿದು ಹೊರಟೇಹೋದಳು.

“ತೆಗಿಯೋ ಅದನ್ನ,” ಅಂದೆ.

“ಯಾಕೆ ವರ್ನಾ ಆಂಟಿ, ನೀವೂ ಗರ್ಭಪಾತದ ಹಕ್ಕು ಬೇಕು ಅನ್ನೋರ ಕಡೆ ಸೇರ್ಕೊಂಡ್ರಾ?”

“ಹೋದ ತಿಂಗಳು ಆ ಕಡೆಯವರು ತಮ್ಮ ಬ್ಯಾಡ್ಜ್ ಹಂಚೋಕೆ ಮೇಜಿಗೆ ತಂದಾಗ ಅವರನ್ನೂ ಓಡಿಸಿದ್ದೆ ಕಣೋ. ಈ ಹುಡುಗೀರು ಹುಟ್ಟಿ ಆಗಿದೆ. ಈಗ ಬೇಕಾಗಿರೋದು ಒಂದು ಮನೆ.”

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮೈಯೆಲ್ಲ ಜೋಮು ಹಿಡಿದ ಹಾಗಿದೆ. ಊಟಕ್ಕೆ ಕೂತಾಗ ಜುನಿ, “ನಮ್ಮನ್ನ ಯಾರಾದ್ರೂ ಕೇಳಿದ್ರಾ?” ಅಂದಳು. ಇಲ್ಲ ಅಂದೆ. ಇನ್ನೊಂದು ಚಮಚ ಬಡಿಸಿದೆ.

ದೂರಿನಲ್ಲಿ ಇಷ್ಟೇ ಬರೆಯುತ್ತೇನೆ: ಡ್ವೇನ್, ಆ ಬೋರ್ಡು ಇನ್ನೊಮ್ಮೆ ನಮ್ಮ ಮೇಜಿಗೆ ಬರುತ್ತದೋ ಇಲ್ಲವೋ? ಹದಿನೆಂಟನೇ ತಾರೀಖು ಶುಕ್ರವಾರದೊಳಗೆ ಉತ್ತರ ಬೇಕು.