ತೆರೆಯದ ಹನ್ನೊಂದು ವಿಡಿಯೊ

ಜುಲೈ 7, ಸೋಮವಾರ

ಒಂಬತ್ತೂವರೆಗೆ ಶಟರ್ ಎತ್ತಿದೆ. ಕಸ, ಗಾಜು, ಊದುಬತ್ತಿ. ಮೊದಲ ಗಿರಾಕಿ ಟೆಂಪರ್ಡ್ ಗ್ಲಾಸ್ ಹಾಕಿಸಿಕೊಂಡ. ಎರಡನೆಯವನು ಬರೀ ಬೆಲೆ ಕೇಳಿ ಹೋದ.

ಗಂಗಾವತಿ ಡಿಸ್ಟ್ರಿಬ್ಯೂಟರ್ ಕಡೆಯ ಕಲ್ಲೇಶನ ಫೋನ್. ನೀಲಿ ಡಬ್ಬಿ ಕಂಪನಿಯ ಹೊಸ ಮಾಡೆಲ್ ತಿಂಗಳ ಕೊನೆಗೆ. ಶುರುವಾಗುವುದೇ 256 ಜಿಬಿಯಿಂದ, 128 ಬಂದ್. ಬೆಲೆ ಹಳೆಯದೇ. ಮೆಮೊರಿ ಕಾರ್ಡ್ ಹಾಕುವ ಜಾಗ ಮಾತ್ರ ಇರುವುದಿಲ್ಲ.

"ಪಕ್ಕಾ ಏನಲೇ?"

"ಪಕ್ಕಾ ಅಂದ್ರ ಪಕ್ಕಾ."

ಕಲ್ಲೇಶನ ಬಾಯಲ್ಲಿ ಪಕ್ಕಾ ಅಲ್ಲದ್ದು ಯಾವುದೂ ಬರುವುದಿಲ್ಲ. ಆದರೂ ಗ್ರೂಪಿಗೆ ಹಾಕಿದೆ — 'ಮುಂದಿನ ಫೋನ್, ಭಾಗ್ಯನಗರ'. ನಾನೂರ ಹನ್ನೆರಡು ಜನ. ಹತ್ತು ನಿಮಿಷಕ್ಕೆ ಅರವತ್ತು ಹೆಬ್ಬೆರಳು. ಈ ವರ್ಷ ನಾನು ಮುಂಚೆ ಹೇಳಿದ್ದರಲ್ಲಿ ನಿಜವಾದದ್ದು ಒಂಬತ್ತು, ಸುಳ್ಳಾದದ್ದು ನಾಲ್ಕು. ಮಳೆ ಹೇಳುವವರಿಗಿಂತ ವಾಸಿ.

ಜುಲೈ 11, ಶುಕ್ರವಾರ

ತಳಕಲ್ಲಿನಿಂದ ಗಂಡ ಹೆಂಡತಿ ಬಂದಿದ್ದರು. ಕೊಟ್ರಪ್ಪ, ಶೇಖರಮ್ಮ. ಆಡು ಸಾಕಿದ್ದಾರೆ. ಆಕೆಗೆ ಹುಟ್ಟಿನಿಂದ ಕಿವಿಯೂ ಇಲ್ಲ, ಮಾತೂ ಇಲ್ಲ. ಫೋನ್ ಆಕೆಯದು, ಕೊಟ್ರಪ್ಪನದು ಬರೀ ಗುಂಡಿ ಫೋನ್. 32 ಜಿಬಿ, ಪೂರ್ತಿ ತುಂಬಿದೆ. ತೆರೆದರೆ ಬರೀ ವಿಡಿಯೊ — ಸಾವಿರದ ನೂರಕ್ಕೂ ಮೇಲೆ. ಎಲ್ಲದರಲ್ಲೂ ಒಬ್ಬಳೇ ಹುಡುಗಿ, ಕೈ ಆಡಿಸುತ್ತಿದ್ದಾಳೆ.

ಮಗಳಂತೆ, ಗಾಳೆಮ್ಮ. ಮೂರು ವರ್ಷದ ಹಿಂದೆ ಗಂಗಾವತಿ ಕಡೆಯ ಮರಳಿ ಊರಿಗೆ ಮದುವೆ ಮಾಡಿ ಕೊಟ್ಟಿದ್ದಾರೆ. ಮಗಳಿಗೆ ಬಾಯೂ ಬರುತ್ತದೆ, ಕೈಯೂ ಬರುತ್ತದೆ. ತಾಯಿಯ ಜೊತೆ ಕೈ ಮಾತು. ಯಾವ ಸಾಲಿಯಲ್ಲೂ ಕಲಿತದ್ದಲ್ಲ, ಆ ಮನೆಯಲ್ಲೇ ಹುಟ್ಟಿದ್ದು. ದಿನಾ ಒಂದು ವಿಡಿಯೊ ಬರುತ್ತದೆ, ದಿನಾ ಒಂದು ಹೋಗುತ್ತದೆ.

ವಿಡಿಯೊ ಕಾಲ್ ಮಾಡಬಹುದಲ್ಲ ಎಂದೆ. ಕೊಟ್ರಪ್ಪ ನಕ್ಕ. "ಅಕಿ ಹೊತ್ತಿಗೆ ಇಕಿ ಅಡವ್ಯಾಗ ಇರ್ತಾಳ್ರಿ, ಆಡಿನ ಹಿಂದ. ಅಲ್ಲಿ ಸಿಗ್ನಲ್ ನಿಂದ್ರಂಗಿಲ್ಲ. ಮತ್ತ ಕಾಲ್ ಮಾಡಿದ್ರ ಮಾತು ಹೋಕ್ಕೈತಿ. ಇದು ಇರ್ತೈತಿ."

ಹಳೆಯವನ್ನು ಅಳಿಸಿ ಎಂದೆ. ಕೊಟ್ರಪ್ಪ ಕೈಯಲ್ಲಿ ಹೇಳಿದ. ಆಕೆ ನನ್ನ ಕೈಯಿಂದ ಫೋನ್ ಕಿತ್ತುಕೊಂಡು ಸೆರಗಿನೊಳಗೆ ಇಟ್ಟಳು. ವ್ಯಾಪಾರ ಮುಗಿಯಿತು ಎಂದುಕೊಂಡೆ.

"ಒಂದು ಕಾರ್ಡ್ ಹಾಕ್ರಿ ಅಣ್ಣಾರ, ಸದ್ಯಕ್ಕ," ಎಂದ ಕೊಟ್ರಪ್ಪ.

ನಾನೇ ಬೇಡ ಎಂದೆ. "ಕಾರ್ಡಿಗೆ ಯಾಕ ದಂಡ ಕೊಡ್ತೀರಿ ಕಾಕಾ. ಮೂರು ವಾರ ತಡೀರಿ. ಹೊಸಾದು ಬರ್ತೈತಿ, ಇದರ ಎಂಟು ಪಟ್ಟು ಜಾಗ. ಅದಕ್ಕ ಈ ಕಾರ್ಡ್ ಹತ್ತಂಗೂ ಇಲ್ಲ."

ಎರಡು ಹೋತ ಮಾರಿ ದುಡ್ಡು ತಂದಿದ್ದರು. ಅಷ್ಟರಲ್ಲಿ ಒಳ್ಳೆಯ ಫೋನ್ ಸಿಗಲಿ ಎಂದೇ ಹೇಳಿದ್ದು. ಒಂದು ಫೋನ್ ಮಾರಿದಂತಾಗುತ್ತದೆ ಎಂಬುದೂ ಇತ್ತು.

ಜುಲೈ 15, ಮಂಗಳವಾರ

ಹೊಸ ಸುದ್ದಿ. ಬರುವ ಮಾಡೆಲ್ಲಿನ ಕ್ಯಾಮೆರಾ ಕೈಸನ್ನೆ ಓದಿ ಅಕ್ಷರ ಮಾಡುತ್ತದಂತೆ. ಯಾವುದೋ ಯೂಟ್ಯೂಬ್ ಚಾನೆಲ್. ಗ್ರೂಪಿಗೆ ಹಾಕಿದೆ. ತಳಕಲ್ಲಿನವರು ನೆನಪಾಗಿ ಕೊಟ್ರಪ್ಪನಿಗೂ ಫೋನ್ ಮಾಡಿ ಹೇಳಿದೆ.

ಅವನು ಹೆಂಡತಿಗೆ ತಿಳಿಸಿರಬೇಕು. ಆ ಕಡೆ ಒಂದು ವಿಚಿತ್ರ ನಗೆ ಕೇಳಿಸಿತು. "ನಗಾಕ ಹತ್ಯಾಳ್ರಿ," ಎಂದ. "ನನ್ನ ಗಂಡಗ ತಿಳಿಯಾಕ ಹತ್ತು ವರ್ಸ ಬೇಕಾತು, ಡಬ್ಬಿಗೇನ್ ತಿಳೀತೈತಿ ಅಂತಾಳ."

ಪಕ್ಕದ ಝೆರಾಕ್ಸ್ ಅಂಗಡಿಯ ರಜಿಯಾಬೇಗಂ ಆಪಾ ಕೇಳಿಸಿಕೊಂಡು ಅಂದರು, "ಗವಿಸಿದ್ದಣ್ಣ, ಕೂಸು ಹುಟ್ಟೂಕಿಂತ ಮೊದ್ಲ ಕುಲಾವಿ ಹೊಲಿಯೋದು ನಿನ್ನ ಕಡೀಂದ ಕಲೀಬೇಕು ನೋಡು."

ಆಪಾಗೆ ಫೀಚರ್ ಫೋನ್ ಸಾಕು. ಅವರ ಮಾತು ಲೆಕ್ಕಕ್ಕಿಲ್ಲ.

ಜುಲೈ 21, ಸೋಮವಾರ. ಮಧ್ಯಾಹ್ನ 1.20

ಕೊಟ್ರಪ್ಪನ ಫೋನ್. ಊಟಕ್ಕೆ ಕೂತಿದ್ದೆ.

"ಅಣ್ಣಾರ, ಮಗಳ ವಿಡಿಯೊ ತೆರ್ಕೊಳ್ಳಾಕ ಒಲ್ಲವ್ರಿ. ಮಬ್ಬು ಮಬ್ಬು ಕಾಣ್ತಾವ, ನಡಕ ಒಂದು ಬಾಣ. ಎಂಟು ದಿನಾತು. ಇಕಿ ತಾ ಮಾಡಿ ಕಳಿಸಾಕ ಹೋದ್ರ ಅದೂ ಆಗವಲ್ದು."

ಜಾಗವಿಲ್ಲ, ಅದಕ್ಕೇ. ನಾಲ್ಕು ಹಳೆಯವನ್ನು ಅಳಿಸಿರಿ ಎಂದೆ. ಆಕೆ ಒಪ್ಪುವುದಿಲ್ಲವಂತೆ. ಮಗಳ ಮದುವೆಯಾದ ಮೊದಲ ದಿನದಿಂದ ಒಂದನ್ನೂ ಅಳಿಸಿಲ್ಲವಂತೆ.

"ಮಗಳಿಗೆ ಹೇಳ್ಲೇನ್ರಿ, ತೆರಿಯಂಗಿಲ್ಲ ಅಂತ?"

"ಯಾಕ್ರಿ ಸುಮ್ನ ಅಕಿಗೆ ತಲಿಬ್ಯಾನಿ? ಬಂದಿದ್ದು ಎಲ್ಲಿ ಹೋಕ್ಕಾವ. ಹೊಸಾ ಫೋನಿಗೆ ಹಾಕಿದ ಕೂಡ್ಲೇ ಎಲ್ಲಾ ಇಳೀತಾವ. ಇನ್ನ ಹತ್ತೇ ದಿನ."

"ಹಂಗಾರ ಆತ್ರಿ."

ಅನ್ನ ಆರಿತ್ತು.

ಜುಲೈ 26, ಶನಿವಾರ

ಪಂಚಮಿ ಹತ್ತಿರ ಬಂತು. ಅಂಗಡಿಯಲ್ಲಿ ಗದ್ದಲ. ತವರಿಗೆ ಬಂದ ಹೆಣ್ಣುಮಕ್ಕಳು ರೀಚಾರ್ಜು, ಕವರು ಎಂದು ಬರುತ್ತಾರೆ.

ಗಂಗಾವತಿಗೆ ಹೋಗಿ ಬಂದ ಮೇಲೆ ಆಪಾ ಹೇಳಿದರು — ತಳಕಲ್ಲಿನ ಹೆಂಗಸು ಒಬ್ಬಳೇ ಬಂದಿದ್ದಳು. ಒಂದು ತಾಸು ಕಟ್ಟೆಯ ಮೇಲೆ ಕೂತಿದ್ದಳು. ಫೋನ್ ತೋರಿಸಿ ಏನೋ ಹೇಳಿದಳು, ತಿಳಿಯಲಿಲ್ಲ. ಬಸ್ಸಿನ ಹೊತ್ತಾಯಿತೆಂದು ಹೋದಳು.

ಕೊಟ್ರಪ್ಪನಿಗೆ ಫೋನ್ ಮಾಡಿ ವಿಚಾರಿಸಿದೆ. ಮಗಳು ಈ ಸಲ ಪಂಚಮಿಗೆ ಬರುವುದಿಲ್ಲ ಎಂದಿದ್ದಾಳೆ. ನಾಟಿ ಕೆಲಸ ಇದೆಯಂತೆ. "ಇಕಿಗೆ ಸಮಾಧಾನ ಇಲ್ರಿ. ನಾ ಮಾತಾಡೀನಿ, ಆರಾಮದೀನಪ್ಪ ಅಂದಾಳ. ಇಕಿ ಕೇಳವಲ್ಲಳು."

ಹಬ್ಬಕ್ಕೆ ಮಗಳು ಬರದಿದ್ದರೆ ಯಾವ ತಾಯಿಗೆ ಸಮಾಧಾನ. ಅಷ್ಟೇ ಎಂದುಕೊಂಡೆ.

ಆಗಸ್ಟ್ 5, ಮಂಗಳವಾರ

ಬಿಡುಗಡೆ ಮುಂದಕ್ಕೆ ಹೋಯಿತು. ಆಗಸ್ಟ್ ಕೊನೆ ಎನ್ನುತ್ತಾನೆ ಕಲ್ಲೇಶ. ಪಕ್ಕಾ ಅಂತೆ. ಕೊಟ್ರಪ್ಪನಿಗೂ ಫೋನ್ ಮಾಡಿ ಇನ್ನೊಂದು ಸ್ವಲ್ಪ ತಡೀರಿ ಎಂದೆ. ಸ್ಟೋರೇಜ್ 256 ಎಂಬ ಮಾತು ಮಾತ್ರ ಹಾಗೇ ಇದೆ ಎಂದು ಗ್ರೂಪಿಗೆ ಬರೆದೆ. ಕೆಲವರು ನಗುವ ಮುಖ ಹಾಕಿದರು. ಬೇಸರವಾಯಿತು.

ಆಗಸ್ಟ್ 28, ಗುರುವಾರ

ಬಂತು. 128ರಿಂದಲೇ ಶುರು. 256 ಬೇಕೆಂದರೆ ಬೆಲೆ ಬೇರೆ. ಕಾರ್ಡ್ ಹಾಕುವ ಜಾಗ ಇದ್ದೇ ಇದೆ. ಕೈಸನ್ನೆಯ ಮಾತು ಎಲ್ಲೂ ಇಲ್ಲ.

ಒಂದೇ ಫೋನಿನಲ್ಲಿ ಮೂರು ಸುಳ್ಳು. ಕಲ್ಲೇಶ ಫೋನ್ ಎತ್ತುತ್ತಿಲ್ಲ.

ಸೆಪ್ಟೆಂಬರ್ 3, ಬುಧವಾರ

ಸ್ಟಾಕ್ ಬಂತು, ಹೇಳಿಕಳಿಸಿದೆ. ಹನ್ನೊಂದಕ್ಕೆ ಇಬ್ಬರೂ ಬಂದರು. 128ರ ಜಾಗವೇ ಅವರಿಗೆ ಧಾರಾಳವಾಯಿತು. ಕೊಟ್ರಪ್ಪ ದುಡ್ಡು ಎಣಿಸಿ ಇಟ್ಟ.

ಹಳೆಯದೆಲ್ಲ ಹೊಸದಕ್ಕೆ ಹಾಕಲು ಒಂದೂವರೆ ತಾಸು. ಶೇಖರಮ್ಮ ಸ್ಟೂಲ್ ಬಿಟ್ಟು ಏಳಲಿಲ್ಲ, ಚಹಾ ಮುಟ್ಟಲಿಲ್ಲ. ಮುಗಿದ ಮೇಲೆ ಮಬ್ಬು ವಿಡಿಯೊ ತೆರೆದು ಬಾಣ ಒತ್ತಿದೆ. ಸುತ್ತಿತು, ಸುತ್ತಿತು, ನಿಂತಿತು. ಈ ವಿಡಿಯೊ ಈಗ ಲಭ್ಯವಿಲ್ಲ, ಕಳಿಸಿದವರಿಗೆ ಮತ್ತೆ ಕಳಿಸಲು ಹೇಳಿ ಎಂದಿತು.

ಎರಡನೆಯದೂ ಅಷ್ಟೇ. ಹನ್ನೊಂದೂ ಅಷ್ಟೇ. ಜುಲೈ 13ರಿಂದ 30ರವರೆಗಿನವು. ದಿನಾ ಬರುತ್ತಿದ್ದದ್ದು, ತಾಯಿಯಿಂದ ಉತ್ತರ ಹೋಗದೆ, ನಡುನಡುವೆ ತಪ್ಪಿದೆ. ಆಮೇಲೆ ಮಗಳು ಯಾವುದನ್ನೂ ಕಳಿಸಿಲ್ಲ.

ಇಳಿಸಿಕೊಳ್ಳದ ವಿಡಿಯೊ ಹೆಚ್ಚು ಕಡಿಮೆ ಒಂದು ತಿಂಗಳು ಇರುತ್ತದೆ, ಆಮೇಲೆ ಹೋಗುತ್ತದೆ. ನನಗೆ ಗೊತ್ತಿತ್ತು. ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಜುಲೈ 21ಕ್ಕೆ ಊಟದ ತಟ್ಟೆಯ ಮುಂದೆ ಕೂತಾಗ ನೆನಪಾಗಲಿಲ್ಲ. ಹತ್ತು ದಿನದ ಮಾತು ಎಂದುಕೊಂಡಿದ್ದೆ.

ಕೊಟ್ರಪ್ಪ ಮಗಳಿಗೆ ಫೋನ್ ಹಚ್ಚಿದ. "ಅವ್ವಾ, ನೀ ಕಳಿಸಿದ್ದು ಯಾವೂ ತೆರೆದಿಲ್ಲವಾ. ನಿಮ್ಮವ್ವ ಒಂದೂ ನೋಡಿಲ್ಲ." ಆ ಕಡೆ ಗಾಳೆಮ್ಮ ಫೋನ್ ಇಟ್ಟಳು.

ನಾಳೆ ಮರಳಿಗೆ ಹೋಗುತ್ತಾರಂತೆ. ನನಗೂ ಗಂಗಾವತಿಯಲ್ಲಿ ಕೆಲಸ ಇದೆ, ಜೊತೆಗೇ ಬರುತ್ತೇನೆ ಎಂದೆ. ಕೆಲಸ ಏನೂ ಇಲ್ಲ.

ಸೆಪ್ಟೆಂಬರ್ 4, ಗುರುವಾರ. ರಾತ್ರಿ 8

ಮರಳಿ. ಎರಡೂ ಕಡೆ ಗದ್ದೆ. ಗಾಳೆಮ್ಮ ಅಂಗಳದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ವಿಡಿಯೊದಲ್ಲಿ ಕಂಡದ್ದಕ್ಕಿಂತ ಅರ್ಧವಾಗಿದ್ದಾಳೆ. ತಾಯಿಯನ್ನು ನೋಡಿ ಎದ್ದಳು. ಮೊರ ಕೆಳಗಿಟ್ಟಳು. ಇಬ್ಬರ ಕೈಗಳೂ ಒಮ್ಮೆಗೇ ಶುರುವಾದವು.

ನನಗೆ ಏನೂ ತಿಳಿಯಲಿಲ್ಲ. ಕೊಟ್ರಪ್ಪ ಸ್ವಲ್ಪ ಹೊತ್ತು ನೋಡಿದ, ಆಮೇಲೆ ತಿರುಗಿ ಎಮ್ಮೆಯ ಕಡೆ ಹೋಗಿ ನಿಂತ. ಶೇಖರಮ್ಮ ಮಗಳ ಎರಡೂ ಕೈ ಹಿಡಿದುಕೊಂಡಳು. ಕೈ ಹಿಡಿದರೆ ಮಾತು ನಿಲ್ಲುತ್ತದೆ, ಆ ಮನೆಯಲ್ಲಿ.

ನಾನು ಫೋನ್ ಅಂಗಡಿಯವನು ಎಂದೆ. ಹೇಳಬಾರದಿತ್ತು, ಆದರೂ ಹೇಳಿದೆ — "ನಿಮ್ಮ ಫೋನಿನ್ಯಾಗ ಇರ್ತಾವಲ್ಲವಾ, ಅವನ್ನ ಮತ್ತ ಕಳಿಸಿದ್ರ..."

"ಇಲ್ರಿ ಅಣ್ಣಾರ," ಎಂದಳು. "ನಂದೂ ಸಣ್ಣ ಫೋನ್ರಿ. ಕಳಿಸಿದ ಕೂಡ್ಲೇ ಅಳಿಸಿಬಿಡ್ತೀನಿ. ಹೆಂಗೂ ಅವ್ವ ಇಟ್ಟಿರ್ತಾಳಲ್ಲ ಅಂತ."

ಬಸ್ಸಿನಲ್ಲಿ ಕೊಟ್ರಪ್ಪ ನನ್ನ ಪಕ್ಕ ಕೂತ. ಶೇಖರಮ್ಮ ಮಗಳ ಬಳಿಯೇ ಉಳಿದಳು. ಕೊಪ್ಪಳ ಬರುವಾಗ ಹೇಳಿದ, ಕಿಟಕಿ ನೋಡುತ್ತ.

"ಹೊಟ್ಟಿಲೆ ಇದ್ಲಂತ್ರಿ. ಮೂರು ತಿಂಗಳು ತುಂಬೂತನ ಬಾಯಿ ಬಿಟ್ಟು ಹೇಳಬಾರ್ದು ಅಂತಾರಲ್ರಿ ನಮ್ಮ ಕಡೆ. ಅಕಿ ಬಾಯಿ ಬಿಟ್ಟಿಲ್ಲ. ಅತ್ತಿಗೂ ಹೇಳಿಲ್ಲ, ನನಗೂ ಹೇಳಿಲ್ಲ. ಕೈಲೆ ಹೇಳಿದ್ರ ದೋಷಿಲ್ಲ ಅಂತ ಅವ್ವಗ ಹೇಳ್ಯಾಳ. ಮೊದ್ಲ ಎರಡ್ರಾಗ ಅದ ಸುದ್ದಿ. ಆಮ್ಯಾಲೆ ಹೊಟ್ಟಿ ನೋಯ್ತೈತಿ, ಮೈಮ್ಯಾಲ ರಕ್ತ ಹೊಂಟೈತಿ, ದವಾಖಾನಿಗೆ ಹೋಗ್ಲ್ಯಾ ಅಂತ ಕೇಳ್ಯಾಳ. ಎಲ್ಲಾದ್ಕೂ ನೀಲಿ ಟಿಕ್ ಬಿದ್ದಿತ್ತಂತ್ರಿ. ಅವ್ವ ನೋಡ್ಯಾಳ, ಏನೂ ಅನವಲ್ಲಳು, ಅಂದ್ರ ಏನೂ ಆಗಿಲ್ಲ ಅಂತ ತಿಳ್ಕೊಂಡು ಸಸಿ ಹಚ್ಚಾಕ ಹೋಗ್ಯಾಳ."

"ಮತ್ತ?"

"ಪಂಚಮಿ ಮುಂದ ಹೋತ್ರಿ ಅದು."

ಮುಚ್ಚಿದ ವಿಡಿಯೊಗೂ ಚಾಟ್ ತೆರೆದರೆ ಸಾಕು, ನೀಲಿ ಟಿಕ್ ಬೀಳುತ್ತದೆ. ಆಕೆ ದಿನಾ ತೆರೆದು, ಮಬ್ಬು ಚಿತ್ರ ನೋಡಿ, ಮುಚ್ಚುತ್ತಿದ್ದಳು. ನಾನು ಇದನ್ನು ಕೊಟ್ರಪ್ಪನಿಗೆ ಬಿಡಿಸಿ ಹೇಳಿದೆ. ಕಾರ್ಡ್ ಹಾಕಿಸಿದ್ದರೆ, ಮಗಳಿಗೆ ಒಂದು ಮಾತು ಹೇಳಿಸಿದ್ದರೆ... ತಪ್ಪು ನನ್ನದು ಎಂದೂ ಹೇಳಿದೆ.

"ನೀವರ ಏನ್ ಮಾಡ್ತೀರಿ ಬಿಡ್ರಿ," ಎಂದ. "ನೀವು ಛಲೋದಕ್ಕ ಹೇಳಿದ್ರಿ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಸೆಪ್ಟೆಂಬರ್ 9, ಮಂಗಳವಾರ

ಅಂಗಡಿ ತೆರೆದೆ. ಮೂರು ಕವರು, ಒಂದು ಚಾರ್ಜರ್.

ಕಲ್ಲೇಶ ಫೋನ್ ಮಾಡಿದ್ದ. ಮುಂದಿನ ವರ್ಷ 512ರಿಂದ ಶುರುವಂತೆ. ಪಕ್ಕಾ ಅಂತೆ. ಗ್ರೂಪಿನಲ್ಲೂ ಕೇಳುತ್ತಿದ್ದಾರೆ, ಈಗ ಕೊಳ್ಳೋಣವೋ ಕಾಯೋಣವೋ. ಬರೆಯಲು ಕೂತೆ. ಈಗ ಬೇಕಿದ್ದರೆ ಈಗ ಕೊಳ್ಳಿ ಎಂದಷ್ಟೇ ಬರೆದೆ. ನಿನಗೇನಾಗಿದೆ ಎಂದು ಒಬ್ಬ ಕೇಳಿದ.

ಸೆಪ್ಟೆಂಬರ್ 12, ಶುಕ್ರವಾರ

ಹತ್ತು ಗಂಟೆಗೆ ಶೇಖರಮ್ಮ ಬಂದಳು. ಒಬ್ಬಳೇ. ಮರಳಿಯಿಂದ ನೇರ, ಪುಕ್ಕಟೆ ಬಸ್ಸಿಗೆ.

ಹೊಸ ಫೋನ್ ನನ್ನ ಮುಂದಿಟ್ಟಳು. ಆ ಹನ್ನೊಂದನ್ನು ತೆಗೆದು ತೋರಿಸಿದಳು. ಬರುವುದಿಲ್ಲ, ಖಾಲಿ, ಎಂದು ಕೈಯಾಡಿಸಿದೆ. ಅದು ಗೊತ್ತು ಎನ್ನುವ ಹಾಗೆ ಗೋಣು ಹಾಕಿದಳು. ಮೊದಲನೆಯದರ ಮೇಲೆ ಬೆರಳಿಟ್ಟಳು, ತನ್ನ ಎದೆಗೆ ಇಟ್ಟುಕೊಂಡಳು, ಆಮೇಲೆ ಕ್ಯಾಮೆರಾ ತೋರಿಸಿದಳು. ಎರಡು ಸಲ ಮಾಡಿದ ಮೇಲೆ ನನಗೆ ತಿಳಿಯಿತು. ಒಂದೊಂದಕ್ಕೂ ಉತ್ತರ ಕೊಡಬೇಕು. ಅದರ ಅದರ ಕೆಳಗೆ.

ಹಿಡಿಯುವವರು ಬೇಕಿತ್ತು. ಎರಡೂ ಕೈ ಬೇಕಲ್ಲ ಆಕೆಗೆ.

ಅರ್ಧ ಶಟರ್ ಇಳಿಸಿದೆ. ಸ್ಟೂಲ್ ಮೇಲೆ ಕೂರಿಸಿ ಟ್ಯೂಬ್‌ಲೈಟ್ ಹಾಕಿದೆ. ಮೊದಲನೆಯದಕ್ಕೆ ನಕ್ಕಳು. ಕೂಸನ್ನು ತೂಗುವ ಹಾಗೆ ತೋಳಾಡಿಸಿ, ಬಾಯಿ ಮುಚ್ಚಿಕೊಂಡು, ಯಾರಿಗೂ ಹೇಳುವುದಿಲ್ಲ ಎಂದಳು. ಎರಡನೆಯದಕ್ಕೂ ನಕ್ಕಳು, ಜುಲೈ ತಿಂಗಳಲ್ಲೇ ಕೂತವಳಂತೆ. ಮೂರನೆಯದರಿಂದ ನಗಲಿಲ್ಲ. ಕೈ ಜೋರಾದವು. ನಡಿ, ದವಾಖಾನೆ, ಬರುತ್ತೇನೆ — ಇಷ್ಟು ನನಗೂ ತಿಳಿಯಿತು. ಒಂದು ಮುಗಿದ ಕೂಡಲೇ ಕಳಿಸು ಎಂದು ನನ್ನ ಹೆಬ್ಬೆರಳನ್ನೇ ಹಿಡಿದು ಒತ್ತಿಸುತ್ತಿದ್ದಳು.

ಎಂಟನೆಯದರಲ್ಲಿ ನನ್ನ ಕಡೆ ಬೆರಳು ತೋರಿಸಿದಳು. ಆಮೇಲೆ ಅಂಗೈ ಕೆಳಗೆ ಮಾಡಿ ಗಾಳಿಯನ್ನು ಎರಡು ಸಲ ಅದುಮಿದಳು. ತಡಿ, ತಡಿ. ಇದಕ್ಕೆ ಕೊಟ್ರಪ್ಪ ಬೇಕಾಗಲಿಲ್ಲ. ಮುಖದಲ್ಲಿ ಸಿಟ್ಟಿರಲಿಲ್ಲ, ಇದ್ದದ್ದನ್ನು ಮಗಳಿಗೆ ಹೇಳುತ್ತಿದ್ದಳು, ಅಷ್ಟೇ. ಅದನ್ನು ನಾನೇ ಹಿಡಿದೆ. ನಾನೇ ಕಳಿಸಿದೆ.

ಗಾಳೆಮ್ಮನ ಕಡೆ ಟಿಕ್ ನೀಲಿಯಾಯಿತು. ಇನ್ನೂ ಮೂರಿದ್ದವು. ಶೇಖರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಸರಿಯಾಗಿ ಕೂತು, ಎತ್ತು ಎಂದಳು. ಎರಡೂ ಕೈಯಲ್ಲಿ ಫೋನ್ ಹಿಡಿದು ಒಂಬತ್ತನೆಯದಕ್ಕೆ ಕ್ಯಾಮೆರಾ ಒತ್ತಿದೆ.