ಹದಿನೆಂಟು ಮಕ್ಕಳ ಪಾಲಿಮರ್

ಹಾಜರಿ ಪುಸ್ತಕಗಳ ಚಕ್ರವರ್ತಿಗಳೂ, ಕೆಂಪು ಶಾಯಿಯ ಏಕಮಾತ್ರ ವಾರಸುದಾರರೂ, ಬಾಗಿಲು ತಟ್ಟದೆ ತರಗತಿಗೆ ನುಗ್ಗುವ ದಿವ್ಯ ಹಕ್ಕುಳ್ಳವರೂ ಆದ ಮಹಾಮಾನ್ಯ ಶಾಲಾ ತಪಾಸಣಾಧಿಕಾರಿಗಳ ಪಾದರಕ್ಷೆಗಳ ಸನ್ನಿಧಿಗೆ,

ಎರಡನೇ ತರಗತಿಯ ಮಕ್ಕಳಿಗೆ ಪಾಲಿಮರ್ ಎಂದರೇನೆಂದು ಹೇಳಿಕೊಟ್ಟ ನನ್ನ ಅಕ್ಕನನ್ನು ತಾವು ಅಮಾನತು ಮಾಡಿದ್ದೀರಿ. ಮಕ್ಕಳ ಕೈಗೆ ಅಂಟು ಬಳಿದು ಪ್ರಯೋಗ ನಡೆಸಿದಳೆಂಬುದು ತಮ್ಮ ಆರೋಪ. ಅದು ಶುದ್ಧ ಸುಳ್ಳು.

ಅವಳು ಮಾಡಿದ್ದಿಷ್ಟೇ. ಹದಿನೆಂಟು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, "ಒಬ್ಬೊಬ್ರೂ ಒಂದೊಂದು ಪುಟ್ಟ ಅಣು. ಕೈ ಕೈ ಹಿಡ್ಕೊಳ್ಳಿ ನೋಡೋಣ. ಹಾಂ, ಈಗ ಎಲ್ಲಾ ಸೇರಿ ಪಾಲಿಮರ್! ಬಕೆಟ್ಟು, ಬಾಚಣಿಗೆ ಎಲ್ಲದರ ಒಳಗೂ ಹೀಗೇ ಉದ್ದುದ್ದ ಸರಪಳಿ. ನಾನು ಹೇಳೋ ತನಕ ಬಿಡಬೇಡಿ" ಎಂದಳು. ಆಗ ತಮ್ಮ ಆಗಮನವಾಯಿತು.

"ಬಂದವರಿಗೆ ಚಪ್ಪಾಳೆ ತಟ್ಟೋಕೂ ಕಲಿಸಿಲ್ವೇನಮ್ಮಾ?" ಎಂದಿರಿ. ಹದಿನಾರು ಮಕ್ಕಳು ತಟ್ಟಿದರು. ಕೊನೆಯ ಇಬ್ಬರ ಅಂಗೈ ಅಂಟಿಕೊಂಡಿತ್ತು. "ಸರ್, ತಾಳಿ, ಬಿಸಿನೀರು ತರ್ತೀನಿ" ಎಂದು ಅಕ್ಕ ಹೇಳುವಷ್ಟರಲ್ಲಿ ತಾವು ಎಳೆದೇಬಿಟ್ಟಿರಿ. ಚಿಕ್ಕವಳ ಅಂಗೈ ಚರ್ಮ ಕಿತ್ತು ಬಂತು. ಅವಳು ಅಳುತ್ತಲೇ ಕೇಳಿದ್ದು ಒಂದೇ: "ಟೀಚರ್, ನಾನು ಬಿಡ್ಲಿಲ್ಲ ಅಲ್ವಾ?"

ಎರಡು ಚಪ್ಪಾಳೆ ಕಮ್ಮಿಯಾಗಿದ್ದರೆ ಇಲಾಖೆಯ ಗೋಡೆ ಬಿರುಕು ಬಿಡುತ್ತಿತ್ತೇ? ಬಿಸಿನೀರಿಗೆ ಬೇಕಿದ್ದ ಐದು ನಿಮಿಷ ತಮ್ಮ ಗೌರವಕ್ಕೆ ಅಷ್ಟು ಭಾರವಾಯಿತೇ? ಮೂರು ಪುಟದ ವರದಿಯಲ್ಲಿ ಎಳೆದ ಕೈ ಯಾರದೆಂಬುದು ಮಾತ್ರ ಏಕೆ ಬಿಟ್ಟುಹೋಯಿತು?

ಹುಡುಗಿಯ ತಾಯಿ ಮನೆಗೆ ಬಂದು, "ನಿಮ್ಮನ್ನ ನಂಬಿ ಕಳಿಸಿದ್ದೆ ಕಣಮ್ಮಾ" ಎಂದಷ್ಟೇ ಹೇಳಿ ಹೋದರು. ಅಂದಿನಿಂದ ಅಕ್ಕ ಬಡಿಸಿದ ತಟ್ಟೆಯನ್ನು ಹಾಗೇ ಎತ್ತಿಡುತ್ತಾಳೆ. "ಸಾಲಿಗೆ ನಿಲ್ಲಿಸೋ ಮುಂಚೆ ಕೈ ನೋಡಬೇಕಿತ್ತು ಕಣೋ" ಎನ್ನುತ್ತಾಳೆ. ಸೋಮವಾರದ ವಿಚಾರಣೆಯಲ್ಲಿ ಆರೋಪ ನಿಂತರೆ ಅವಳು ಇನ್ನೆಂದೂ ಪಾಠ ಮಾಡುವಂತಿಲ್ಲ.

ಆದ್ದರಿಂದ ಸೋಮವಾರದೊಳಗೆ ಅಮಾನತು ರದ್ದಾಗಬೇಕು. ಎಳೆದವರು ಯಾರೆಂದು ಅದೇ ಕೆಂಪು ಶಾಯಿಯಲ್ಲಿ ಬರೆಯಬೇಕು. ಆ ಮಗುವಿನ ಮುಂದೆ ನಿಂತು ತಾವು ಕ್ಷಮೆ ಕೇಳಬೇಕು.

ನಾನೂ ಪಕ್ಕದಲ್ಲಿ ನಿಲ್ಲುತ್ತೇನೆ. ಅಂದು ಅಕ್ಕ ಮರೆತ ಊಟದ ಡಬ್ಬಿ ಕೊಡಲು ಹೋದವನು, ತಮಗೆಂದು ಇಟ್ಟಿದ್ದ ಪ್ಲಾಸ್ಟಿಕ್ ಕುರ್ಚಿಯ ಕೈಗೆ ಒಂದು ಟ್ಯೂಬು ಅಂಟು ಸುರಿದು ಬಂದೆ. ಸಾಹೇಬರ ಕುರ್ಚಿ ಒದ್ದೆಯಾಗಿದೆಯೆಂದು ಆ ಹುಡುಗಿ ಅಂಗೈಯಿಂದ ಒರೆಸಿ, ಓಡಿಹೋಗಿ ಸಾಲಿನಲ್ಲಿ ಗೆಳತಿಯ ಕೈ ಹಿಡಿದಳಂತೆ. ಅಕ್ಕನಿಗೆ ಇನ್ನೂ ಹೇಳಿಲ್ಲ. ಈ ಪತ್ರ ಅವಳೂ ಓದುತ್ತಾಳೆ.

ಇಂತಿ,
ತಮಗೆ ತಪ್ಪಿದ ಅಂಟಿನ ಮಾಲೀಕ,
ಅವಳ ತಮ್ಮ